ಕುಂಬಾದ (ಕೊಳೆತು ಮೆತ್ತಗಾದ) ಕಾಟುಮಾವಿನಲ್ಲಿ ಬೋಗುಣಿ ಕಡೆಯಬಹುದಾ?

ಪ್ರಶ್ನೆ: ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಹೋದ ವರ್ಷ ಆಟಿ ತಿಂಗಳ ಗಾಳಿಮಳೆಗೆ ತೋಟದ ಬದಿಯ ದೊಡ್ಡ ಕಾಟುಮಾವಿನ (ಕಾಡುಮಾವಿನ) ಮರ ಬಿತ್ತು. ಒಳ್ಳೆಯ ತುಂಡುಗಳು ಮಿಲ್ಲಿಗೆ ಹೋದವು, ಉಳಿದದ್ದು ಹಟ್ಟಿಯ ಹಿಂದೆ ಮಳೆಯಲ್ಲಿ ನೆನೆಯುತ್ತಾ ಬಿದ್ದಿತ್ತು. ಈಗ ಕೊಯ್ದು ನೋಡಿದರೆ ಒಳಗೆ ಕಪ್ಪು ಗೆರೆಗಳ ಚಿತ್ತಾರ, ನೋಡಲು ಭಾರಿ ಚಂದ. ಆದರೆ ನನ್ನ ಸಣ್ಣ ಲೇತಿಗೆ (ಮರ ತಿರುಗಿಸಿ ಕಡೆಯುವ ಯಂತ್ರ) ಹಾಕಿ ಕಡೆಯಲು ಹೋದರೆ ಮೆತ್ತಗಿನ ಜಾಗದಲ್ಲಿ ನಾರು ಕಿತ್ತು ಬಂದು ಗುಂಡಿ ಬೀಳುತ್ತದೆ. ಒಬ್ಬರು ಫೆವಿಕಾಲ್ ನೀರು ಮಾಡಿ ಕುಡಿಸಿ ಅಂದರು. ಇನ್ನೊಬ್ಬರು ಬೋಟಿಗೆ ಹಾಕುವ ರೆಸಿನ್ (ಹಚ್ಚಿದ ಮೇಲೆ ಗಟ್ಟಿಯಾಗುವ ದ್ರವ) ಅಂದರು. ಯೂಟ್ಯೂಬಿನಲ್ಲಿ ನೋಡಿದರೆ ವ್ಯಾಕ್ಯೂಮ್ ಪಂಪ್ ಬೇಕಂತೆ. 10 ಇಂಚಿನ ಒಂದು ಬೋಗುಣಿ ಮಾಡುವ ಆಸೆ. ಕಡಿಮೆ ಖರ್ಚಿನ ದಾರಿ ಯಾವುದು?

ಉತ್ತರ: ಮಾಡಬಹುದು, ಚಂದದ ಬೋಗುಣಿಯೇ ಆಗುತ್ತದೆ. ಆದರೆ ನಿಮಗೆ ಸಲಹೆ ಕೊಟ್ಟವರೆಲ್ಲ ಡಬ್ಬದಲ್ಲಿ ಬರುವ ಅಂಟು, ರೆಸಿನ್ನಿನ ಬಗ್ಗೆ ಮಾತಾಡಿದ್ದಾರೆ, ಮರ ಹಸಿಯಾ ಒಣಗಿದೆಯಾ ಅಂತ ಯಾರೂ ಕೇಳಿದ ಹಾಗೆ ಕಾಣುವುದಿಲ್ಲ. ಮಳೆಗಾಲವಿಡೀ ಹಟ್ಟಿಯ ಹಿಂದೆ ಬಿದ್ದಿದ್ದ ತುಂಡು ಅಂದರೆ ಅದರ ಹೊಟ್ಟೆ ತುಂಬಾ ನೀರು. ನೀರು ಕೂತ ಜಾಗಕ್ಕೆ ಯಾವ ರೆಸಿನ್ನೂ ಇಳಿಯುವುದಿಲ್ಲ, ಎಷ್ಟು ದುಬಾರಿಯದ್ದು ತಂದರೂ ಅಷ್ಟೆ. ಅದಕ್ಕೆ ನನ್ನ ಕ್ರಮ ಹೀಗೆ: ಮೊದಲು ಒರಟಾಗಿ ಕಡೆಯುವುದು, ಆಮೇಲೆ ಒಣಗಿಸುವುದು, ಒಣಗಿದ ಮೇಲೆ ಇನ್ನೂ ತೆಳ್ಳಗೆ ಮಾಡುವುದು, ಆಮೇಲೆ ಮೆತ್ತಗಿನ ಜಾಗಕ್ಕೆ ಮಾತ್ರ ಕುಡಿಸುವುದು. ಇಡೀ ತುಂಡಿಗೆ ಮೊದಲೇ ರೆಸಿನ್ ಹೊಯ್ದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆದು ಹುಡಿಯಾಗಿ ನೆಲಕ್ಕೆ ಬೀಳುತ್ತದೆ. ದುಡ್ಡು ಕೊಟ್ಟು ಹುಡಿ ಮಾಡಿದ ಹಾಗಾಯಿತು.

ಮೊದಲು ನಿಮ್ಮ ಮರಕ್ಕೆ ಏನಾಗಿದೆ ನೋಡೋಣ. ಹಲಸಿನ ಹಳದಿ ಚೇಗು (ಒಳಗಿನ ತಿರುಳು ಮರ) ವರ್ಷಗಟ್ಟಲೆ ಮಳೆಗೆ ಬಿದ್ದರೂ ಸುಲಭಕ್ಕೆ ಕುಂಬಾಗುವುದಿಲ್ಲ, ಅದರ ಹೊರಗಿನ ಬಿಳಿ ಭಾಗ ಮಾತ್ರ ಹೋಗುತ್ತದೆ. ಮಾವಿಗೆ ಆ ಶಕ್ತಿ ಇಲ್ಲ. ಬಿದ್ದ ಕೆಲವೇ ವಾರಗಳಲ್ಲಿ ಶಿಲೀಂಧ್ರ ಒಳಗೆ ಹೊಕ್ಕು ಊಟ ಶುರು ಮಾಡುತ್ತದೆ. ನೀವು ಚಿತ್ತಾರ ಅಂದ ಆ ಕಪ್ಪು ಗೆರೆಗಳು ಒಂದು ಶಿಲೀಂಧ್ರ ಇನ್ನೊಂದರ ಜಾಗಕ್ಕೆ ಬಾರದ ಹಾಗೆ ಕಟ್ಟಿಕೊಂಡ ಬೇಲಿ. ನಮ್ಮ ಕಡೆ ಜಾಗದ ಗಡಿಗೆ ಅಗಳು ತೋಡುತ್ತಾರಲ್ಲ, ಹಾಗೆ. ಗೆರೆ ಇರುವ ಜಾಗ ಸಾಮಾನ್ಯವಾಗಿ ಗಟ್ಟಿ, ಗೆರೆಯ ಆಚೀಚೆ ಬಿಳಿಚಿಕೊಂಡ ಜಾಗವೇ ಮೆತ್ತಗೆ. ನಿಮ್ಮ ಉಳಿ ಗಟ್ಟಿಯಿಂದ ಮೆತ್ತಗೆ, ಮೆತ್ತಗಿಂದ ಗಟ್ಟಿಗೆ ಹಾರುತ್ತಾ ಹೋಗುವುದರಿಂದ ಅಲ್ಲಿ ನಾರು ಕಿತ್ತು ಬರುತ್ತದೆ.

ಕುಂಬಿನಲ್ಲಿ ಮುಖ್ಯವಾಗಿ ಎರಡು ಬಗೆ. ಬಿಳಿ ಕುಂಬಿನಲ್ಲಿ ಮರ ಬಿಳಿಚಿ, ಹಗುರಾಗಿ, ನಾರುನಾರಾಗಿ ಉಳಿಯುತ್ತದೆ. ಇದಕ್ಕೆ ರೆಸಿನ್ ಹಿಡಿಯುತ್ತದೆ, ಯಾಕೆಂದರೆ ಹಿಡಿಯಲು ನಾರಿದೆ. ಕಂದು ಕುಂಬು ಬೇರೆ. ಅದರಲ್ಲಿ ಮರ ಕಂದಾಗಿ, ಅಡ್ಡಡ್ಡ ಸೀಳಿ, ಚೌಕ ಚೌಕ ತುಂಡುಗಳಾಗಿ ಬೆರಳಲ್ಲಿ ಉಜ್ಜಿದರೆ ಹುಡಿಯಾಗುತ್ತದೆ. ಬಲ ಕೊಡುವ ನಾರನ್ನೇ ತಿಂದು ಮುಗಿಸಿರುತ್ತದೆ. ಅದು ಸಿಕ್ಕಿದರೆ ಬಚ್ಚಲ ಒಲೆಗೆ ಹಾಕಿ. ಮಾವಿನಲ್ಲಿ ಹೆಚ್ಚಾಗಿ ಕಾಣುವುದು ಬಿಳಿ ಕುಂಬೇ, ಹಾಗಾಗಿ ನಿಮಗೆ ಆಸೆ ಇಟ್ಟುಕೊಳ್ಳಬಹುದು.

ತುಂಡು ಆರಿಸಲು ಒಂದು ಮೊಳೆ ಸಾಕು. ಕೈಯಲ್ಲೇ ಒತ್ತಿ ನೋಡಿ. ತುದಿ ಮಾತ್ರ ಇಳಿದರೆ ಸುಮ್ನೆ ಹರಿತವಾದ ಉಳಿಯಲ್ಲಿ ಕಡೆಯಬಹುದು, ಏನೂ ಕುಡಿಸಬೇಕಾಗಿಲ್ಲ. ಅರ್ಧ ಸೆಂಟಿಮೀಟರ್ ಹತ್ತಿರ ಇಳಿದರೆ ಅಲ್ಲಿ ಗಟ್ಟಿ ಮಾಡಬೇಕು. ಬೆಣ್ಣೆಗೆ ಇಳಿದ ಹಾಗೆ ಇಡೀ ಮೊಳೆ ಹೋದರೆ, ಅದೂ ತಳ ಬರುವ ಜಾಗದಲ್ಲಿ ಹೋದರೆ, ಆ ತುಂಡು ಬಿಡಿ ಮಾರಾಯ್ರೆ, ಇನ್ನೊಂದು ತೆಗೆದುಕೊಳ್ಳಿ. ಲೇತಿಗೆ ಕಚ್ಚುವ ಜಾಗ ಗಟ್ಟಿ ಮರದಲ್ಲೇ ಇರಬೇಕು. ಇದರಲ್ಲಿ ರಾಜಿ ಇಲ್ಲ. ತಳ ಮೆತ್ತಗಿದ್ದರೂ ತುಂಡು ಬಿಡಲು ಮನಸ್ಸಿಲ್ಲದಿದ್ದರೆ, ಒಣಗಿದ ಮೇಲೆ ಅಲ್ಲಿಗೆ ಗಟ್ಟಿ ಮರದ ಒಂದು ಬಿಲ್ಲೆಯನ್ನು ಎಪಾಕ್ಸಿಯಲ್ಲಿ (ಎರಡು ಭಾಗ ಬೆರೆಸಿ ಬಳಸುವ ಅಂಟು) ಅಂಟಿಸಿ, ಲೇತಿನಲ್ಲಿ ತುಂಡನ್ನು ಕಚ್ಚಿ ಹಿಡಿಯುವ ಚಕ್‌ನಿಂದ ಅದನ್ನು ಹಿಡಿಸಬಹುದು. ಆದರೆ ಬಿಲ್ಲೆ ಅಂಟುವುದು ಕುಂಬಿನ ಮೇಲೆಯೇ ಅಲ್ವಾ? ಹಾಗಾಗಿ ಅಂಟಿಸುವ ಮೊದಲು ಆ ತಳಕ್ಕೆ ರೆಸಿನ್ ಕುಡಿಸಿ ಗಟ್ಟಿ ಮಾಡಲೇಬೇಕು.

ಒರಟು ಕಡೆತ ಹಸಿಯಲ್ಲೇ ಮಾಡಿ. ಗೋಡೆಯ ದಪ್ಪ ವ್ಯಾಸದ ಹತ್ತನೇ ಒಂದು ಪಾಲು ಅನ್ನುವುದು ಎಲ್ಲ ಕಡೆ ನಡೆಯುವ ಲೆಕ್ಕ, ಅಂದರೆ 10 ಇಂಚಿಗೆ 1 ಇಂಚು. ಕುಂಬಿನ ಮರಕ್ಕೆ ಸ್ವಲ್ಪ ಜಾಸ್ತಿ ಬಿಡಿ, ಒಣಗುವಾಗ ಗಟ್ಟಿ ಜಾಗ ಒಂದು ಥರ, ಮೆತ್ತಗಿನ ಜಾಗ ಇನ್ನೊಂದು ಥರ ಕುಗ್ಗಿ ಬೋಗುಣಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ವೇಗಕ್ಕೆ ಇನ್ನೊಂದು ಲೆಕ್ಕ ಇದೆ: ಇಂಚಿನಲ್ಲಿ ವ್ಯಾಸವನ್ನು ನಿಮಿಷದ ಸುತ್ತಿನಿಂದ ಗುಣಿಸಿದರೆ 6,000ದಿಂದ 9,000ದೊಳಗೆ ಬರಬೇಕು. ಹಾಗೆ ನೋಡಿದರೆ ನಿಮ್ಮದಕ್ಕೆ 600ರಿಂದ 900. ಅದು ಗಟ್ಟಿ ಮರದ ಲೆಕ್ಕ. ಕುಂಬಿನದ್ದಕ್ಕೆ ಲೇತಿನ ಅತಿ ಕಡಿಮೆ ವೇಗದಲ್ಲಿ ಶುರು ಮಾಡಿ, 600 ದಾಟಬೇಡಿ. ಮುಖಕ್ಕೆ ಪೂರ್ತಿ ಮುಚ್ಚುವ ಶೀಲ್ಡ್ ಇರಲಿ, ಬರೀ ಕನ್ನಡಕ ಸಾಲದು. ತುಂಡು ಹಾರುವ ಗೆರೆಯಲ್ಲಿ ನಿಲ್ಲದೆ ಪಕ್ಕಕ್ಕೆ ನಿಂತು ಸ್ವಿಚ್ ಹಾಕಿ.

ಮಾಸ್ಕ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಕುಂಬಿನ ಹುಡಿಯಲ್ಲಿ ಶಿಲೀಂಧ್ರದ ಬೀಜಕಣಗಳಿರುತ್ತವೆ. ಉಬ್ಬಸ, ಅಲರ್ಜಿ ಇರುವವರಿಗೆ ಇದು ಒಳ್ಳೆಯದಲ್ಲ, ಅಂಥವರು ಈ ಕೆಲಸವನ್ನೇ ಬಿಡುವುದು ಕ್ಷೇಮ. ಹುಡಿಗೆ ಎನ್95 ಸಾಕು, ಆದರೆ ಅದು ಥಿನ್ನರಿನ, ಅಂಟಿನ ಆವಿಯನ್ನು ತಡೆಯುವುದಿಲ್ಲ. ಆವಿಗೆ ಇದ್ದಿಲು ತುಂಬಿದ ಕಾರ್ಟ್ರಿಜ್ ಇರುವ ಮಾಸ್ಕ್ ಬೇರೆಯೇ ಬೇಕು.

ಇನ್ನು ಒಣಗಿಸುವುದು. ಕಾಸರಗೋಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆರಳಲ್ಲಿಟ್ಟ ಮರ ಒಣಗುತ್ತದೆ ಅಂದುಕೊಳ್ಳುವುದೇ ತಪ್ಪು. ಗಾಳಿಯಲ್ಲಿ ಶೇ. 90ರ ತೇವ ಇದ್ದರೆ ಮರದ ತೇವ ಶೇ. 20ರ ಹತ್ತಿರ ಬಂದು ನಿಲ್ಲುತ್ತದೆ, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಶಿಲೀಂಧ್ರಕ್ಕೆ ಬೇಕಾದ್ದೂ ಸುಮಾರು ಅಷ್ಟೇ ತೇವ. ಅಂದರೆ ಮಳೆಗಾಲದಲ್ಲಿ ಅದು ಸಾಯುವುದಿಲ್ಲ, ಊಟ ಮುಂದುವರಿಸುತ್ತದೆ, ನೀವು ಮುಂದಿನ ವರ್ಷ ತೆಗೆದು ನೋಡುವಾಗ ಚಿತ್ತಾರವೂ ಇಲ್ಲ, ಮರವೂ ಇಲ್ಲ. ಹಾಗಾಗಿ ಈ ಕೆಲಸವನ್ನು ಮಳೆ ನಿಂತ ಮೇಲೆ ಇಟ್ಟುಕೊಳ್ಳಿ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡು (ಪ್ಲಾಸ್ಟಿಕ್ ಹಾಳೆಯ ಚಪ್ಪರ) ನಿಮ್ಮಲ್ಲೂ ಇರಬಹುದು. ಅದು ಭಾರಿ ಒಳ್ಳೆಯ ಜಾಗ, ಆದರೆ ಒರಟು ಬೋಗುಣಿಯನ್ನು ನೇರ ಅದರೊಳಗೆ ಇಟ್ಟರೆ ಒಂದೇ ದಿನದಲ್ಲಿ ಬಿರಿಯುತ್ತದೆ. ಮೊದಲು ಹಳೆಯ ಪೇಪರಿನಲ್ಲಿ ಸುತ್ತಿ ಮನೆಯೊಳಗೆ ಇಡಿ, ಪೇಪರ್ ಒದ್ದೆಯಾದ ಹಾಗೆ ಬದಲಾಯಿಸುತ್ತಾ ಬನ್ನಿ. ಪೇಪರ್ ಒದ್ದೆಯಾಗುವುದು ನಿಂತ ಮೇಲೆ ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೆ, ಕೊನೆಗೆ ಪ್ಲಾಸ್ಟಿಕ್ ಮಾಡಿನೊಳಗೆ.

ಒಣಗಿತೋ ಇಲ್ಲವೋ ಅಂತ ಕೈಯಲ್ಲಿ ಮುಟ್ಟಿ ಹೇಳಲಾಗುವುದಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಬೋಗುಣಿಯ ತಳದಲ್ಲೇ ಪೆನ್ಸಿಲಿನಲ್ಲಿ ತೂಕ ಬರೆಯಿರಿ. ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತರೆ ಗಾಳಿಯ ಮಟ್ಟಕ್ಕೆ ಒಣಗಿತು ಅಂತ ಲೆಕ್ಕ. ಈ ತೂಕ ಇನ್ನೊಂದು ಗುಟ್ಟನ್ನೂ ಹೇಳುತ್ತದೆ. ಒಳ್ಳೆಯ ಒಣ ಮಾವು ಒಂದು ಘನ ಸೆಂಟಿಮೀಟರಿಗೆ 0.6 ಗ್ರಾಂ ಆಸುಪಾಸು ತೂಗುತ್ತದೆ. ನಿಮ್ಮ ತುಂಡಿನ ಒಂದು ಚೂರನ್ನು ಅಳೆದು ತೂಗಿದಾಗ 0.3 ಬಂದರೆ ಅರ್ಧ ಮರವನ್ನು ಶಿಲೀಂಧ್ರ ತಿಂದಿದೆ ಅಂತ ಅರ್ಥ. ಯಾವ ಮರವಾದರೂ ಅದರ ಕೋಶಗಳ ಗೋಡೆ ಮಾತ್ರ ತೆಗೆದುಕೊಂಡರೆ ಘನ ಸೆಂಟಿಮೀಟರಿಗೆ 1.5 ಗ್ರಾಂ. ಹಾಗಾಗಿ 0.3 ತೂಗುವ ಮರದಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ಮರ, ಉಳಿದ ನಾಲ್ಕು ಪಾಲು ಗಾಳಿ. ಆ ಗಾಳಿಯ ಜಾಗವನ್ನೆಲ್ಲ ರೆಸಿನ್ನಿನಿಂದ ತುಂಬಲು ಹೊರಟರೆ 10 ಇಂಚು ಅಗಲ, 3 ಇಂಚು ದಪ್ಪದ ಇಡೀ ದುಂಡು ತುಂಡಿಗೆ ಎರಡೂವರೆ ಲೀಟರಿಗಿಂತ ಜಾಸ್ತಿ ಬೇಕಾಗುತ್ತದೆ. ಒರಟಾಗಿ ಕಡೆದ ಬೋಗುಣಿಗೆ ಅದರ ಅರ್ಧವೂ ಬೇಡ. ಮೆತ್ತಗಿನ ಜಾಗಕ್ಕೆ ಮಾತ್ರ ಅಂದರೆ ಇನ್ನೂ ಎಷ್ಟೋ ಕಡಿಮೆ.

ಈಗ ಡಬ್ಬಗಳಿಗೆ ಬರೋಣ. ಫೆವಿಕಾಲ್ ನೀರು ಬೇಡ. ಅದು ನೀರಿನಲ್ಲಿ ತೇಲುವ ಸಣ್ಣ ಸಣ್ಣ ಕಣಗಳ ಅಂಟು. ನೀರು ಒಳಗೆ ಹೋಗುತ್ತದೆ, ಅಂಟು ಮೇಲೆಯೇ ಪದರ ಕಟ್ಟುತ್ತದೆ. ಕಷ್ಟಪಟ್ಟು ಒಣಗಿಸಿದ ಮರ ಪುನಃ ಒದ್ದೆ. ಅದೂ ಅಲ್ಲದೆ ಪಾಲಿಶ್ ಪೇಪರ್ ಹಾಕಿದರೆ ಬಿಸಿಗೆ ಮೆತ್ತಗಾಗಿ ಪೇಪರಿಗೇ ಮೆತ್ತುತ್ತದೆ.

ಬೋಟಿನ ರೆಸಿನ್ ಅಂದರೆ ಪಾಲಿಯೆಸ್ಟರ್. ನಮ್ಮ ಕರಾವಳಿಯಲ್ಲಿ ಫೈಬರ್ ದೋಣಿ ರಿಪೇರಿ ಮಾಡುವವರ ಹತ್ತಿರ ಸುಲಭವಾಗಿ, ಅಗ್ಗಕ್ಕೆ ಸಿಗುತ್ತದೆ, ಅದಕ್ಕೇ ಎಲ್ಲರೂ ಹೇಳುವುದು. ಗಾಜಿನ ನಾರಿಗೆ ಅದು ಸರಿ. ಮರಕ್ಕೆ ಎಪಾಕ್ಸಿಯಷ್ಟು ಚೆನ್ನಾಗಿ ಹಿಡಿಯುವುದಿಲ್ಲ, ಒಳಗೆ ಇಳಿಯುವ ಮೊದಲೇ ಗಟ್ಟಿಯಾಗಲು ಶುರುವಾಗುತ್ತದೆ, ವಾಸನೆ ಬೇಗ ಹೋಗುವುದಿಲ್ಲ. ಇನ್ನೊಂದು ಎಚ್ಚರ: ಅದರ ಜತೆ ಕೊಡುವ ಕೋಬಾಲ್ಟ್ ಮತ್ತು ಹಾರ್ಡನರ್ ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸ್ಫೋಟವಾಗಬಹುದು. ಹವ್ಯಾಸಕ್ಕೆ ಕೆಲಸ ಮಾಡುವವರ ಮನೆಯಲ್ಲಿ ಅಂಥದ್ದು ಇಡದಿರುವುದೇ ಒಳ್ಳೆಯದು.

ನಾನು ಹೇಳುವುದು ಎಪಾಕ್ಸಿ. ಅಂಗಡಿಯಲ್ಲಿ ಸಿಗುವ ಎರಡು ಟ್ಯೂಬಿನ ಅಂಟು ಇದಕ್ಕೆ ತೀರಾ ದಪ್ಪ. ತೆಳ್ಳಗೆ ಹರಿಯುವ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಬೇಕು ಅಂತಲೇ ಕೇಳಿ, ಮಂಗಳೂರಿನಲ್ಲಿ ಸಿಗದಿದ್ದರೆ ಆನ್‌ಲೈನಿನಲ್ಲಿ ಸಿಗುತ್ತದೆ. ಆದರೆ ಅದನ್ನು ಹಚ್ಚುವ ಹೊತ್ತು ಮುಖ್ಯ. ಒಣಗಿದ ಒರಟು ಬೋಗುಣಿಯನ್ನು ಮೊದಲು ಲೇತಿಗೆ ಹಾಕಿ ದುಂಡಗೆ ಮಾಡಿ, ಕೊನೆಯ ದಪ್ಪಕ್ಕಿಂತ ಎರಡು ಮೂರು ಮಿಲಿಮೀಟರ್ ಜಾಸ್ತಿ ಇರುವ ತನಕ ಕಡೆಯಿರಿ. ಗುಂಡಿ ಬೀಳುತ್ತದೆ, ಬೀಳಲಿ. ಎಪಾಕ್ಸಿ ನಾರಿನ ಪಕ್ಕದಿಂದ ಇಳಿಯುವುದು ಕೆಲವೇ ಮಿಲಿಮೀಟರ್. ಮೊದಲೇ ಹಚ್ಚಿದರೆ ಆ ಕೆಲವು ಮಿಲಿಮೀಟರನ್ನೇ ನೀವು ಕಡೆದು ತೆಗೆಯುತ್ತೀರಿ, ಕೆಳಗೆ ಪುನಃ ಕುಂಬು.

ಆಮೇಲೆ ಬೋಗುಣಿಯನ್ನು ಬೆಚ್ಚಗೆ ಮಾಡಿ, ಕೈಯಲ್ಲಿ ಹಿಡಿಯಲು ಆಗುವಷ್ಟು. ಬಿಸಿಲಲ್ಲಿಟ್ಟ ಪ್ಲಾಸ್ಟಿಕ್ ಮಾಡಿನೊಳಗೆ ಮಧ್ಯಾಹ್ನ ಆ ಬಿಸಿ ತಾನಾಗಿ ಬರುತ್ತದೆ. ಹೊರಗೆ ತಂದು ನೆರಳಲ್ಲಿಟ್ಟು ಕೂಡಲೇ ಎಪಾಕ್ಸಿ ಹಚ್ಚಿ. ಮರ ತಣಿಯುವಾಗ ಒಳಗಿನ ಗಾಳಿ ಕುಗ್ಗುತ್ತದೆ, ಕುಗ್ಗುವಾಗ ಎಪಾಕ್ಸಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಇದೇ ಕೆಲಸವನ್ನು ಉಲ್ಟಾ ಮಾಡಿದರೆ, ಅಂದರೆ ತಣ್ಣಗಿನ ಮರಕ್ಕೆ ಹಚ್ಚಿ ಬಿಸಿಲಿಗೆ ಇಟ್ಟರೆ, ಗಾಳಿ ಹಿಗ್ಗಿ ಮೇಲಿಡೀ ಗುಳ್ಳೆ ಬರುತ್ತದೆ. ನಾರಿನ ತುದಿ ಕಾಣುವ ಜಾಗಕ್ಕೆ ಜಾಸ್ತಿ ಕೊಡಿ. ಬೋಗುಣಿಯನ್ನು ತಿರುಗಿಸಿ ನೋಡಿದರೆ ಎದುರುಬದುರು ಎರಡು ಕಡೆ ನಾರು ನಿಮ್ಮ ಕಡೆಗೆ ಮುಖ ಮಾಡಿರುತ್ತದೆ. ಅಲ್ಲಿ ಹಚ್ಚಿದ ಎಪಾಕ್ಸಿ ನೋಡುತ್ತಿದ್ದ ಹಾಗೆ ಮಾಯವಾಗಿ ಮೇಲ್ಮೈ ಪುನಃ ಮಸುಕಾಗುತ್ತದೆ. ಇನ್ನೊಮ್ಮೆ ಹಚ್ಚಿ, ಮತ್ತೆ ಹಚ್ಚಿ. ಹೊಳಪು ಹೊಳಪಾಗಿಯೇ ನಿಂತರೆ ಕುಡಿದು ಆಯಿತು ಅಂತ. ನಾರು ಕಿತ್ತು ಬರುತ್ತಿದ್ದದ್ದೂ ಇದೇ ಎರಡು ಜಾಗದಲ್ಲಿ, ಬೇಕಾದರೆ ಗಮನಿಸಿ.

ಎಪಾಕ್ಸಿಯ ಎರಡು ಭಾಗಗಳನ್ನು ಡಬ್ಬದಲ್ಲಿ ಹೇಳಿದ ಅಳತೆಯಲ್ಲೇ ಬೆರೆಸಿ, ಅಂದಾಜು ಬೇಡ. ಲೋಟ ತುಂಬಾ ಒಟ್ಟಿಗೆ ಬೆರೆಸಿದರೆ ತನ್ನ ಬಿಸಿಗೇ ಹೊಗೆ ಬರುವಷ್ಟು ಕಾಯುತ್ತದೆ, ಸ್ವಲ್ಪ ಸ್ವಲ್ಪವೇ ಬೆರೆಸಿ. ತೆಳ್ಳಗಾಗಲಿ ಅಂತ ಥಿನ್ನರ್ ಹಾಕುವವರಿದ್ದಾರೆ. ನಾನು ಹಾಕುವುದಿಲ್ಲ. ಥಿನ್ನರ್ ಆರಿದ ಮೇಲೆ ಅದರ ಜಾಗ ಖಾಲಿ, ಎಪಾಕ್ಸಿಯೂ ಬಲ ಕಳೆದುಕೊಳ್ಳುತ್ತದೆ. ಹಚ್ಚಿದ ಮೇಲೆ ಮುಟ್ಟದೆ ಎರಡು ಮೂರು ದಿನ ಬಿಡಿ.

ಖರ್ಚು ಇನ್ನೂ ಕಡಿಮೆ ಆಗಬೇಕಾ? ಪೀಠೋಪಕರಣಕ್ಕೆ ಪಾಲಿಶ್ ಹಾಕುವ ಆಚಾರಿಗಳು ಬಳಸುವ ಎನ್‌ಸಿ ಸ್ಯಾಂಡಿಂಗ್ ಸೀಲರ್ (ಪಾಲಿಶ್‌ಗಿಂತ ಮೊದಲು ಹಚ್ಚುವ ನೈಟ್ರೊಸೆಲ್ಯುಲೋಸ್ ದ್ರವ) ಇದೆ, ಯಾವ ಪೈಂಟ್ ಅಂಗಡಿಯಲ್ಲೂ ಸಿಗುತ್ತದೆ. ಒಂದು ಪಾಲಿಗೆ ಎರಡು ಪಾಲು ಥಿನ್ನರ್ ಹಾಕಿ ನೀರಿನ ಹಾಗೆ ಮಾಡಿ, ಮೆತ್ತಗಿನ ಜಾಗಕ್ಕೆ ಹಿಡಿಸುವಷ್ಟು ಕುಡಿಸುತ್ತಾ ಹೋಗಿ. ಆಳಕ್ಕೆ ಇಳಿಯುತ್ತದೆ. ಆದರೆ ಥಿನ್ನರ್ ಹಾರಿದ ಮೇಲೆ ಉಳಿಯುವ ಗಟ್ಟಿ ಪದಾರ್ಥ ಸ್ವಲ್ಪವೇ. ಹಾಗಾಗಿ ಸ್ವಲ್ಪ ಮೆತ್ತಗಿರುವ ಮರಕ್ಕೆ ಇದು ಸಾಕು, ಮೊಳೆ ಅರ್ಧ ಇಳಿಯುವಂಥದ್ದಕ್ಕೆ ಸಾಲದು. ಮಳೆ ಹೊತ್ತಲ್ಲಿ ಹಚ್ಚಿದರೆ ತೇವ ಸಿಕ್ಕಿಕೊಂಡು ಬೆಳ್ಳಗಾಗುತ್ತದೆ. ಬೆಂಕಿ ಹತ್ತಿರ ಬೇಡವೇ ಬೇಡ. ಬಚ್ಚಲ ಅಟ್ಟದಲ್ಲಿ ಒಣಗಿಸುವ ಅಭ್ಯಾಸ ಆಗಿರುವುದರಿಂದ ಹೇಳುತ್ತಿದ್ದೇನೆ, ಸೀಲರ್ ಹಚ್ಚಿದ್ದನ್ನು ಅಲ್ಲಿಗೆ ಒಯ್ಯಬೇಡಿ.

ಫೆವಿಕ್ವಿಕ್ ಥರದ ತೆಳು ಅಂಟನ್ನು ನೀವು ಕೇಳಿಲ್ಲ, ಆದರೆ ಕೊನೆಯ ಹೊತ್ತಿನಲ್ಲಿ ನಿಮ್ಮನ್ನು ಕಾಪಾಡುವುದು ಅದೇ. ಕೊನೆಯ ಕಡೆತದಲ್ಲಿ ಒಂದು ಕಡೆ ಇನ್ನೂ ನಾರು ಏಳುತ್ತಿದೆ ಅಂದರೆ ಲೇತ್ ನಿಲ್ಲಿಸಿ ಅಲ್ಲಿಗೆ ನಾಲ್ಕು ಹನಿ. ಸ್ವಲ್ಪ ಹೊತ್ತಿನಲ್ಲಿ ಕಲ್ಲು. ಇದರಲ್ಲಿ ಎರಡು ತೊಂದರೆ. ಮಾವಿನಂಥ ಬಿಳಿ ಮರದಲ್ಲಿ ಹನಿ ಬಿದ್ದ ಜಾಗ ಕಪ್ಪಾಗಿ ಕಲೆ ಉಳಿಯುತ್ತದೆ. ಸುತ್ತಲೂ ಮೊದಲು ಸೀಲರ್ ಒಂದು ಕೋಟ್ ಹಚ್ಚಿಕೊಂಡರೆ ಕಲೆ ಹರಡುವುದಿಲ್ಲ. ಎರಡನೆಯದು, ಹತ್ತಿ ಬಟ್ಟೆಗೆ ಈ ಅಂಟು ತಾಗಿದರೆ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಹತ್ತಿ ಗ್ಲೌಸ್ ಹಾಕಿಕೊಂಡು, ಹಳೆಯ ಬೈರಾಸಿನಲ್ಲಿ (ಟವೆಲಿನಲ್ಲಿ) ಒರೆಸುತ್ತಾ ಮಾಡಬೇಡಿ. ಕುಂಬಿನ ಮರಕ್ಕೆ ಒಮ್ಮೆಲೇ ತುಂಬಾ ಹೊಯ್ದರೂ ಹೊಗೆ ಏಳುತ್ತದೆ, ಕಣ್ಣು ಉರಿಯುತ್ತದೆ.

ವ್ಯಾಕ್ಯೂಮ್ ವಿಧಾನ ಸುಳ್ಳಲ್ಲ, ಚಾಕುವಿನ ಹಿಡಿ, ಪೆನ್ನಿನಂಥ ಸಣ್ಣ ತುಂಡುಗಳಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಬಿಸಿಗೆ ಮಾತ್ರ ಗಟ್ಟಿಯಾಗುವ ತೆಳು ಅಕ್ರಿಲಿಕ್ ರೆಸಿನ್ನಿನಲ್ಲಿ ಮರವನ್ನು ಮುಳುಗಿಸಿ, ತೇಲದ ಹಾಗೆ ಮೇಲೆ ಭಾರ ಇಟ್ಟು, ಎಸಿ ರಿಪೇರಿಯವರು ಬಳಸುವಂಥ ಪಂಪಿನಿಂದ ಗಾಳಿ ಎಳೆಯುತ್ತಾರೆ. ಗುಳ್ಳೆ ನಿಂತ ಮೇಲೆ ಪಾತ್ರೆಯೊಳಗೆ ಪುನಃ ಗಾಳಿ ಬಿಟ್ಟರೆ ಹೊರಗಿನ ಒತ್ತಡ ರೆಸಿನ್ನನ್ನು ಒಳಗೆ ತಳ್ಳುತ್ತದೆ. ಹಾಗೇ ಗಂಟೆಗಟ್ಟಲೆ ಮುಳುಗಿಸಿಟ್ಟು, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ 90 ಡಿಗ್ರಿ ಸೆಲ್ಸಿಯಸ್ ಹತ್ತಿರ ಓವನ್‌ನಲ್ಲಿ ಬೇಯಿಸುವುದು. ಇದಕ್ಕೆ ಗಾಳಿಯಲ್ಲಿ ಒಣಗಿದ ಮರ ಸಾಲದು, ಓವನ್‌ನಲ್ಲಿ 100 ಡಿಗ್ರಿ ದಾಟಿಸಿ ನೀರಿನ ಅಂಶವೇ ಇಲ್ಲದ ಹಾಗೆ ಮಾಡಬೇಕು. ನೀರಿದ್ದರೆ ಆ ವ್ಯಾಕ್ಯೂಮ್‌ನಲ್ಲಿ ಅದು ತಣ್ಣಗೇ ಕುದಿಯುತ್ತದೆ, ನೀವು ಗಾಳಿ ಬರುತ್ತಿದೆ ಅಂತ ಗುಳ್ಳೆ ನೋಡುತ್ತಾ ಕೂತಿರುತ್ತೀರಿ, ಮುಗಿಯುವುದೇ ಇಲ್ಲ. 10 ಇಂಚಿನ ಬೋಗುಣಿ ಹಿಡಿಯುವ ಪಾತ್ರೆ, ಪಂಪು, ಲೀಟರುಗಟ್ಟಲೆ ರೆಸಿನ್, ಅಡುಗೆಗೆ ಮತ್ತೆ ಬಳಸಲಾಗದ ಒಂದು ಓವನ್, ಇಷ್ಟನ್ನು ಒಂದು ಬೋಗುಣಿಗೋಸ್ಕರ ತರುವುದು ನನ್ನ ಪ್ರಕಾರ ದಂಡ. ಗಾಜಿನ ಭರಣಿ, ತೆಳು ಪ್ಲಾಸ್ಟಿಕ್ ಡಬ್ಬ ಬಳಸಿ ಅಗ್ಗದಲ್ಲಿ ಮಾಡಲಂತೂ ಹೋಗಬೇಡಿ, ಒಳಕ್ಕೆ ಕುಸಿದು ಒಡೆಯುತ್ತದೆ.

ಪಿಇಜಿ (ನೀರಿನಲ್ಲಿ ಕರಗುವ, ಮೇಣದಂಥ ಪಾಲಿಎಥಿಲೀನ್ ಗ್ಲೈಕಾಲ್) ಅಂತ ಇನ್ನೊಂದನ್ನು ಯಾರಾದರೂ ಹೇಳಿದರೆ ಅದು ನಿಮ್ಮ ಕಾಯಿಲೆಯ ಔಷಧಿ ಅಲ್ಲ. ಸ್ವೀಡನ್ನಿನಲ್ಲಿ 1628ರಲ್ಲಿ ಮುಳುಗಿ 1961ರಲ್ಲಿ ಮೇಲೆತ್ತಿದ ವಾಸಾ ಹಡಗಿಗೆ 17 ವರ್ಷ ಸಿಂಪಡಿಸಿದ್ದು ಅದನ್ನೇ. ಒದ್ದೆ ಮರ ಒಣಗುವಾಗ ಕುಗ್ಗಿ ಬಿರಿಯದ ಹಾಗೆ ಅದು ತಡೆಯುತ್ತದೆ, ಕುಂಬಾದ ನಾರಿಗೆ ಬಲ ಕೊಡುವುದಿಲ್ಲ.

ಗಟ್ಟಿಯಾದ ಮೇಲಿನ ಕೊನೆಯ ಕಡೆತಕ್ಕೆ ಉಳಿಯನ್ನು ಆಗಷ್ಟೇ ಸಾಣೆ ಹಿಡಿದಿರಬೇಕು, ಎಪಾಕ್ಸಿ ಅಲಗನ್ನು ಬೇಗ ಮೊಂಡು ಮಾಡುತ್ತದೆ. ಹೊರಮೈಯನ್ನು ತಳದಿಂದ ಬಾಯಿಯ ಕಡೆಗೆ, ಒಳಮೈಯನ್ನು ಬಾಯಿಯಿಂದ ನಡುವಿಗೆ. ಕಾಗದದಷ್ಟು ತೆಳು ಸಿಪ್ಪೆ ಬರಲಿ, ಜಾಸ್ತಿ ಒತ್ತಬೇಡಿ. ಪಾಲಿಶ್ ಪೇಪರನ್ನು ಬೆರಳಿಗೆ ಸುತ್ತಿ ಒತ್ತಿದರೆ ಮೆತ್ತಗಿನ ಜಾಗ ಮಾತ್ರ ಸವೆದು ಅಲೆ ಅಲೆಯಾಗುತ್ತದೆ. ಹಿಂದೆ ಗಟ್ಟಿ ರಬ್ಬರ್ ತುಂಡು ಇಟ್ಟು, ಲೇತ್ ನಿಲ್ಲಿಸಿ, ಕೈಯಲ್ಲೇ ನಾರಿನ ಉದ್ದಕ್ಕೆ ಉಜ್ಜಿ. 120 ನಂಬರಿನ ಪೇಪರಿನಿಂದ ಶುರು ಮಾಡಿ 320ಕ್ಕೆ ನಿಲ್ಲಿಸಿದರೆ ಸಾಕು.

ಕುಟ್ಟೆ ಹುಳದ ತೂತು ಇದ್ದರೆ, ಕೆಳಗೆ ಬಿಳಿ ಹುಡಿ ಉದುರುತ್ತಿದ್ದರೆ, ಎಪಾಕ್ಸಿಗಿಂತ ಮೊದಲು ಬಿಸಿ ಕೊಡಿ. ಹೊರದೇಶಕ್ಕೆ ಹೋಗುವ ಮರದ ಪ್ಯಾಲೆಟ್‌ಗಳ ಮೇಲೆ ಎಚ್‌ಟಿ ಅಂತ ಮುದ್ರೆ ಇರುತ್ತದಲ್ಲ, ಅದರ ಅರ್ಥ ಮರದ ನಡುವಿನವರೆಗೂ 56 ಡಿಗ್ರಿ ಬಿಸಿಯನ್ನು 30 ನಿಮಿಷ ಕೊಟ್ಟಿದ್ದಾರೆ ಅಂತ. ನಿಮ್ಮ ಬೋಗುಣಿಯ ಗೋಡೆ ತೆಳುವಾದ್ದರಿಂದ ಓವನ್‌ನಲ್ಲಿ 65 ಡಿಗ್ರಿ ಇಟ್ಟು ಎರಡು ಮೂರು ಗಂಟೆ ಬಿಟ್ಟರೆ ಅದಕ್ಕಿಂತ ಜಾಸ್ತಿಯೇ ಆಯಿತು. ಈ ಹಂತದಲ್ಲಿ ರೆಸಿನ್ ಇಲ್ಲದ ಕಾರಣ ಮನೆಯ ಓವನ್ ಆದರೂ ಅಡ್ಡಿಯಿಲ್ಲ.

ಮೇಲಿಂದ ಎಪಾಕ್ಸಿಗೆ ಹೊಂದುವ ಪಾಲಿಯುರೆಥೇನ್ ಎರಡು ಕೋಟ್ ಹಚ್ಚಿ. ಎಣ್ಣೆ ಹಚ್ಚಿದರೆ ಎಪಾಕ್ಸಿ ಕುಡಿದ ಜಾಗ ಎಣ್ಣೆ ಹೀರದೆ ಪಟ್ಟೆ ಪಟ್ಟೆ ಕಾಣುತ್ತದೆ. ಕೊನೆಗೆ, ಹಲಸಿನ ಮರಿಗೆಯ ಹಾಗೆ ಇದರಲ್ಲಿ ಉಪ್ಪಿನಕಾಯಿ, ಸಾರು ಹಾಕುವ ಯೋಚನೆ ಇದ್ದರೆ ಅದನ್ನು ಬಿಡಿ. ಕುಂಬಿನ ಮರ, ಅದಕ್ಕೆ ರೆಸಿನ್, ಅದರ ಮೇಲೆ ಬಿಸಿ, ಹುಳಿ ಇವೆಲ್ಲ ಸೇರುವುದು ನನಗೆ ಸರಿ ಕಾಣುವುದಿಲ್ಲ. ಸಿಪ್ಪೆ ಇರುವ ಹಣ್ಣು, ಸುಲಿಯದ ನೆಲಗಡಲೆ, ಬೀಗದ ಕೈ ಹಾಕಿಡಲು ಆಗುತ್ತದೆ. ಮೊದಲ ಸಲಕ್ಕೆ 10 ಇಂಚಿನದ್ದು ಬೇಡ, ಅದೇ ಮರದ 5 ಇಂಚಿನ ಒಂದು ತುಂಡಿನಲ್ಲಿ ಇಷ್ಟೂ ಮಾಡಿ ನೋಡಿ. ಅಷ್ಟರ ತನಕ ದೊಡ್ಡ ತುಂಡುಗಳನ್ನು ಹಟ್ಟಿಯ ಹಿಂದಿನಿಂದ ತೆಗೆದು, ನೆಲಕ್ಕೆ ತಾಗದ ಹಾಗೆ ಅಡಿಗೆ ಎರಡು ಕಲ್ಲು ಕೊಟ್ಟು, ಮಾಡಿನ ಕೆಳಗೆ ಇಡಿ.